ಕಸಿ ಗುಲಾಬಿಯೋ, ಕಡ್ಡಿ ಗುಲಾಬಿಯೋ? ಪಕ್ಕಪಕ್ಕ ಬೆಳೆಸಿ ನೋಡಿದ ಮೇಲೆ

ಗುಲಾಬಿ ಗಿಡ ಕೊಳ್ಳುವಾಗ ಎಲ್ಲರ ಕಣ್ಣು ಹೋಗುವುದು ಹೂವಿನ ಬಣ್ಣದ ಕಡೆಗೆ. ನಾನೀಗ ಮೊದಲು ನೋಡುವುದು ಕಾಂಡದ ಬುಡ. ಅಲ್ಲಿ ಉಬ್ಬಿದ ಗಂಟು ಇದ್ದರೆ ಅದು ಕಸಿ ಗಿಡ. ಕೆಳಗಿನ ಬೇರು ಒಂದು ಗುಲಾಬಿಯದು, ಮೇಲಿನ ಹೂವು ಇನ್ನೊಂದರದು. ಗಂಟಿಲ್ಲದೆ ಕಾಂಡಗಳು ಮಣ್ಣಿನಿಂದಲೇ ಎದ್ದಿದ್ದರೆ ಅದು ಕಡ್ಡಿ ಊರಿ ಬೆಳೆಸಿದ ಗಿಡ. ಬೇರೂ ಅದರದೇ, ಹೂವೂ ಅದರದೇ. ಗಿಡ ಒಣಗಿದರೆ ಮತ್ತೆ ಎದ್ದೀತೋ ಇಲ್ಲವೋ ಅನ್ನುವುದು ಈ ಬುಡದ ಮೇಲೆ ನಿಂತಿದೆ.

ಇದನ್ನು ಕಣ್ಣಾರೆ ನೋಡಬೇಕೆಂದೇ ಎರಡು ತಳಿಗಳನ್ನು ಎರಡೂ ರೀತಿಯಲ್ಲಿ ಬೆಳೆಸಿದೆ. ಒಂದು ಐಸ್‌ಬರ್ಗ್, ಜರ್ಮನಿಯ ಕೊರ್ಡೆಸ್ 1958ರಲ್ಲಿ ಹೊರತಂದ ಬಿಳಿ ಗೊಂಚಲು ಗುಲಾಬಿ. ಇನ್ನೊಂದು ಡಬಲ್ ಡಿಲೈಟ್. ಕೆನೆ ಬಣ್ಣದ ಎಸಳು, ಅದಕ್ಕೆ ಕೆಂಪು ಅಂಚು, ಜೊತೆಗೆ ಘಮ್ಮೆನ್ನುವ ಪರಿಮಳ. ದೊಡ್ಡ ಹೂವಿನ ಹೈಬ್ರಿಡ್ ಟೀ ಗುಂಪಿನದು. ನಾಲ್ಕೂ ಗಿಡಗಳಿಗೆ ಒಂದೇ ಪಾತಿ, ಒಂದೇ ಗೊಬ್ಬರ, ದಿನಕ್ಕೆ ಆರು ಗಂಟೆಗೆ ಕಮ್ಮಿಯಿಲ್ಲದ ಬಿಸಿಲು.

ಶುರುವಿನಲ್ಲಿ ಕಸಿ ಗಿಡಗಳೇ ಮುಂದಿದ್ದವು, ಅದೂ ಬಹಳ ಮುಂದೆ. ಬಲಿತ ಬೇರಿನ ಮೇಲೆ ಕೂತ ಕಣ್ಣು (ಚಿಗುರೊಡೆಯುವ ಮೊಗ್ಗು) ಅದು, ಚಿಗುರಲು ಕಾಯಬೇಕಾಗಿಲ್ಲ. ಮೊದಲ ಹೂಗಾಲದಲ್ಲೇ ಉದ್ದ ಕಾಂಡ, ದೊಡ್ಡ ಮೊಗ್ಗು. ಕಡ್ಡಿ ಗಿಡಗಳು ಆಗ ಇನ್ನೂ ಮೊಣಕಾಲೆತ್ತರ ದಾಟಿರಲಿಲ್ಲ, ಬಿಟ್ಟ ಹೂವೂ ಪುಟ್ಟದು. ಈ ಹಂತದಲ್ಲೇ ಬಹಳ ಜನ ಕಡ್ಡಿ ಗಿಡದ ಆಸೆ ಬಿಡುತ್ತಾರೆ. ಅಲ್ಲಿಗೇ ಬಿಡಬಾರದು. ಎರಡನೆಯ ವರ್ಷ ದಾಟಿದ ಮೇಲೆ ಕಡ್ಡಿಯ ಐಸ್‌ಬರ್ಗ್ ಪಕ್ಕದ ಕಸಿ ಗಿಡದಷ್ಟೇ ಅಗಲವಾಯಿತು. ಮೂರನೆಯ ವರ್ಷ ಬುಡದಿಂದಲೇ ಹೊಸ ಕಾಂಡಗಳು ಎದ್ದು, ನಿಜವಾದ ಪೊದೆಯಾಗಿ ನಿಂತಿತು. ಕಸಿ ಗಿಡದಲ್ಲಿ ಕಾಂಡಗಳೆಲ್ಲ ಆ ಒಂದು ಗಂಟಿನಿಂದಲೇ ಬರಬೇಕು. ಗಂಟು ಹಳೆಯದಾಗಿ ಮರಗಟ್ಟಿದಂತೆ ಹೊಸ ಕಾಂಡ ಕಮ್ಮಿಯಾಗುತ್ತಾ ಬಂತು.

ಎರಡರ ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ಕಾಂಡ ಒಣಗುವ ರೋಗ ಬಂದಾಗ. ಗುಲಾಬಿ ಸಾಕಿದವರಿಗೆಲ್ಲ ಇದರ ಪರಿಚಯ ಇದ್ದೇ ಇರುತ್ತದೆ. ಸವರಿದ ತುದಿಯಿಂದ ಶಿಲೀಂಧ್ರ ಒಳಗಿಳಿದು, ಹಸಿರು ಕಾಂಡ ಮೇಲಿನಿಂದ ಕೆಳಕ್ಕೆ ಕಪ್ಪಾಗುತ್ತಾ ಹೋಗುತ್ತದೆ. ಒಳಗಿನ ತಿರುಳು ಬೆಳ್ಳಗೆ ಕಾಣುವ ತನಕ ಕತ್ತರಿಸಿ ತೆಗೆಯುವುದೊಂದೇ ದಾರಿ. ನನ್ನ ಎರಡೂ ಐಸ್‌ಬರ್ಗ್ ಗಿಡಗಳಿಗೆ ಒಂದೇ ಮಳೆಗಾಲದಲ್ಲಿ ಇದು ತಗುಲಿತು. ಕಡ್ಡಿ ಗಿಡವನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿದೆ. ಕೆಲವು ವಾರಗಳಲ್ಲಿ ಬುಡದಿಂದ ಕೆಂಪು ಚಿಗುರು ಎದ್ದಿತು, ಮುಂದೆ ಅದೇ ಬಿಳಿ ಗೊಂಚಲು ಬಿಟ್ಟಿತು. ಕಸಿ ಗಿಡದಲ್ಲಿ ಕಪ್ಪು ಬಣ್ಣ ಗಂಟಿನವರೆಗೂ ಇಳಿದಿತ್ತು. ಅದೂ ಚಿಗುರಿತು, ಆದರೆ ಗಂಟಿನ ಕೆಳಗಿನಿಂದ. ಬಂದ ಹೂವೂ ಬಿಳಿಯೇ, ಆದರೆ ಐದೇ ಎಸಳಿನ ಚಿಕ್ಕ ಚಿಕ್ಕ ಹೂಗಳು. ಅದು ಮಲ್ಟಿಫ್ಲೋರಾ, ಕಸಿಗೆ ಬೇರು ಕೊಟ್ಟ ಕಾಡು ಗುಲಾಬಿ. ವರ್ಷಕ್ಕೆ ಒಂದೇ ಸಲ ಹೂ ಬಿಡುವಂಥದ್ದು. ನಾನು ಬೆಳೆಸಿದ ಐಸ್‌ಬರ್ಗ್ ಅಲ್ಲಿ ಇರಲೇ ಇಲ್ಲ. ಗಿಡ ಹಸಿರಾಗಿ ನಿಂತಿದ್ದರೂ ನಮ್ಮ ಗುಲಾಬಿ ಹೋಗಿಬಿಟ್ಟಿರುತ್ತದೆ. ಈ ನಷ್ಟ ನನಗೆ ತುಂಬಾ ಬೇಸರ ತರಿಸಿತು.

ಗಿಡ ಚೆನ್ನಾಗಿರುವಾಗಲೂ ಕಸಿಯಲ್ಲಿ ಈ ಕಾಡುಚಿಗುರಿನ ಕಾವಲು ತಪ್ಪುವುದಿಲ್ಲ. ಒಂದು ಎಲೆಯಲ್ಲಿ ಏಳು ದಳ ಇದ್ದರೆ ಕಾಡುಚಿಗುರು, ಐದಿದ್ದರೆ ಒಳ್ಳೆಯದು ಅಂತ ಹೇಳುವವರಿದ್ದಾರೆ. ಅದನ್ನು ನಂಬಬೇಡಿ. ಎಷ್ಟೋ ಒಳ್ಳೆಯ ತಳಿಗಳಲ್ಲೂ ಏಳು ದಳದ ಎಲೆ ಬರುತ್ತದೆ. ಮಣ್ಣು ಸರಿಸಿ, ಚಿಗುರು ಗಂಟಿನ ಮೇಲಿನಿಂದ ಬಂದಿದೆಯೋ ಕೆಳಗಿನಿಂದಲೋ ನೋಡುವುದೇ ಸರಿಯಾದ ಪರೀಕ್ಷೆ. ಕೆಳಗಿನದಾದರೆ ಕತ್ತರಿ ಹಾಕಬೇಡಿ, ಬುಡದಲ್ಲಿ ಹಿಡಿದು ಕಿತ್ತು ತೆಗೆಯಿರಿ. ಕತ್ತರಿಸಿದರೆ ಬುಡದಲ್ಲಿ ಉಳಿದ ಕಣ್ಣುಗಳಿಂದ ಮತ್ತೆ ನಾಲ್ಕಾರು ಎದ್ದು ಬರುತ್ತವೆ. ಕಡ್ಡಿ ಗಿಡದಲ್ಲಿ ಈ ತಲೆನೋವೇ ಇಲ್ಲ, ಎಲ್ಲಿಂದ ಚಿಗುರಿದರೂ ನಮ್ಮದೇ ಹೂವು.

ಡಬಲ್ ಡಿಲೈಟ್ ವಿಷಯ ಬೇರೆ. ಇಲ್ಲಿ ಕಸಿಯೇ ಮೇಲು, ನನಗೆ ಅನುಮಾನವೇ ಇಲ್ಲ. ಕಡ್ಡಿಯಿಂದ ಬಂದ ಗಿಡ ಬದುಕಿತು, ಹೂವೂ ಕೊಟ್ಟಿತು, ಆದರೆ ಕಾಂಡ ಪೆನ್ಸಿಲ್‌ಗಿಂತ ದಪ್ಪವಾಗಲೇ ಇಲ್ಲ. ಹೂವಿನ ಭಾರಕ್ಕೆ ತಲೆ ಬಗ್ಗಿಸಿಕೊಂಡೇ ಇರುತ್ತಿತ್ತು. ಹೈಬ್ರಿಡ್ ಟೀಗಳಲ್ಲಿ ಹಲವು ಹೀಗೆಯೇ. ಹೂವಿನ ಚೆಲುವಿಗಾಗಿ ಆರಿಸಿದ ತಳಿಗಳು ಅವು, ಬೇರಿನ ಬಲ ಅಷ್ಟಕ್ಕಷ್ಟೇ. ಗಟ್ಟಿ ಬೇರು ಕೊಟ್ಟಾಗಲೇ ಅವು ಅರಳುತ್ತವೆ. ಹಾಗಂತ ಆ ಗುಂಪಿನ ಎಲ್ಲವೂ ಹಾಗಲ್ಲ. ಗೊಂಚಲು ಗುಲಾಬಿ, ಬಳ್ಳಿ ಗುಲಾಬಿ, ಪುಟಾಣಿ ಗುಲಾಬಿಗಳಂತೂ ಹೆಚ್ಚಿನವು ಸ್ವಂತ ಬೇರಿನ ಮೇಲೇ ಸುಖವಾಗಿರುತ್ತವೆ.

ಮಣ್ಣು ಸರಿಯಿಲ್ಲದ ಕಡೆಯೂ ಕಸಿಗೆ ಒಂದು ಮೆಚ್ಚುಗೆ ಸಲ್ಲಬೇಕು. ಬೇರಿಗೆ ತಗುಲುವ ಜಂತುಹುಳುಗಳ ಕಾಟವಿರುವ ಮರಳು ಮಣ್ಣಿಗೆ ಫಾರ್ಚೂನಿಯಾನಾ ಎಂಬ ಗುಲಾಬಿಯ ಬೇರಿನ ಮೇಲೆ ಕಸಿ ಮಾಡಿದ ಗಿಡ ಒಳ್ಳೆಯದು. ಸುಣ್ಣದಂಶ ಜಾಸ್ತಿಯಿರುವ ಮಣ್ಣನ್ನು ಡಾಕ್ಟರ್ ಹ್ಯೂಯಿ ಎಂಬ ಗುಲಾಬಿಯ ಬೇರು ತಾಳಿಕೊಳ್ಳುತ್ತದೆ. ಅದೇ ಮಣ್ಣಿನಲ್ಲಿ ಮಲ್ಟಿಫ್ಲೋರಾ ಬೇರಿಗೆ ಕಬ್ಬಿಣದಂಶ ಸಿಗದೆ, ನರ ಮಾತ್ರ ಹಸಿರಾಗಿ ಉಳಿದು ಎಲೆ ಹಳದಿಯಾಗುತ್ತದೆ.

ಕಪ್ಪು ಚುಕ್ಕೆ, ಬೂದಿ ರೋಗ, ಹೇನು ಇವೆಲ್ಲ ಎರಡಕ್ಕೂ ಒಂದೇ. ಎಲೆಯ ರೋಗ ತಡೆಯುವ ಶಕ್ತಿ ತಳಿಯದು, ಬೇರಿನದಲ್ಲ.

ಕಡ್ಡಿ ಊರುವುದು ಕಷ್ಟವೇನಲ್ಲ. ಹೂ ಉದುರಿದ ಕಾಂಡವೇ ಇದಕ್ಕೆ ಸರಿ. ಪೆನ್ಸಿಲ್ ದಪ್ಪ, 15ರಿಂದ 20 ಸೆಂಟಿಮೀಟರ್ ಉದ್ದ, ನಾಲ್ಕು ಕಣ್ಣಾದರೂ ಇರಲಿ. ಕೆಳಗಿನ ಎಲೆ ತೆಗೆದು, ಎರಡು ಕಣ್ಣು ಮಣ್ಣೊಳಗೆ ಹೋಗುವಂತೆ ಊರಿ. ನೀರು ನಿಲ್ಲದ ಹಗುರ ಮಣ್ಣು, ನೆರಳು, ಸುತ್ತ ತೇವ ಇರಬೇಕು. ಎಲೆ ಚಿಗುರಿದ ತಕ್ಷಣ ಬೇರು ಬಂತೆಂದು ಎಳೆದು ನೋಡಬೇಡಿ. ಕಡ್ಡಿಯಲ್ಲಿದ್ದ ಸತ್ವದಿಂದಲೇ ಮೊದಲ ಚಿಗುರು ಬರುತ್ತದೆ, ಬೇರಿಗೆ ಒಂದೆರಡು ತಿಂಗಳು ಬೇಕು.

ನಾನೀಗ ದೊಡ್ಡ ಹೂವಿನ ತಳಿಗಳನ್ನು ಮಾತ್ರ ಕಸಿಯಲ್ಲಿ ತರುತ್ತೇನೆ, ಉಳಿದದ್ದೆಲ್ಲ ಕಡ್ಡಿಯದು. ತಂದ ಕಸಿ ಗಿಡದಿಂದಲೂ ಮೊದಲ ಸಲ ಸವರುವಾಗಲೇ ಎರಡು ಮೂರು ಕಡ್ಡಿ ಊರಿಡುತ್ತೇನೆ. ತಾಯಿ ಗಿಡಕ್ಕೆ ಏನಾದರೂ ಆದರೆ ತಳಿ ಉಳಿಯಲಿ ಅಂತ. ಆದರೆ ಹೊಸ ತಳಿಗಳಿಗೆ ಕೆಲವು ದೇಶಗಳಲ್ಲಿ ಪೇಟೆಂಟ್ ಇರಬಹುದು. ಅಂಥವನ್ನು ಅಲ್ಲಿ ಅದರ ಅವಧಿ ಮುಗಿಯುವ ತನಕ ಅನುಮತಿಯಿಲ್ಲದೆ ಕಡ್ಡಿಯಿಂದ ಬೆಳೆಸುವಂತಿಲ್ಲ. ಗಿಡಕ್ಕೆ ಕಟ್ಟಿರುವ ಚೀಟಿಯಲ್ಲಿ ಅದು ಸಾಮಾನ್ಯವಾಗಿ ಬರೆದಿರುತ್ತದೆ, ಓದಿ ನೋಡಿ.