ಐಜಿವಿ: ವೇರಿಯಂಟ್ ಪಟ್ಟಿಯ ಹಿಂದಿನ ರೀಡ್‌ಗಳನ್ನು ಕಣ್ಣಾರೆ ನೋಡಲು

ಜೀನೋಮಿಕ್ಸ್ ಪ್ರಯೋಗಾಲಯದಲ್ಲಿ ಗಣಕ ಜೀವವಿಜ್ಞಾನಿಯಾಗಿ ದುಡಿಯುವವರ ದಿನದ ಬಹುಪಾಲು ಟರ್ಮಿನಲ್ ಪರದೆಯ ಮುಂದೆಯೇ ಕಳೆಯುತ್ತದೆ. ಸೀಕ್ವೆನ್ಸರ್ ಯಂತ್ರದಿಂದ ಬಂದ ಕೋಟ್ಯಂತರ ತುಣುಕುಗಳನ್ನು, ಅಂದರೆ ನಾವು ರೀಡ್ ಎಂದು ಕರೆಯುವ ಡಿಎನ್‌ಎ ಅನುಕ್ರಮಗಳನ್ನು, ಸುಮಾರು 310 ಕೋಟಿ ಅಕ್ಷರಗಳ ಮಾನವ ಆಕರ ಜೀನೋಮಿನ ಮೇಲೆ ಹೊಂದಿಸಿ, ನಕಲು ರೀಡ್‌ಗಳನ್ನು ಗುರುತು ಮಾಡಿ, ಆಕರಕ್ಕಿಂತ ಭಿನ್ನವಾದ ಜಾಗಗಳನ್ನು, ಅಂದರೆ ವೇರಿಯಂಟ್‌ಗಳನ್ನು, ಹೆಕ್ಕಿ ತೆಗೆದು, ಕೊನೆಗೆ ಅವುಗಳ ಪಟ್ಟಿಯಿರುವ ಒಂದು ವಿಸಿಎಫ್ ಕಡತವನ್ನು ಸಹೋದ್ಯೋಗಿಗಳ ಕೈಗಿಡುವಷ್ಟರಲ್ಲಿ ಎಲ್ಲ ಕೆಲಸವೂ ಮುಗಿದಂತೆ ಕಾಣುತ್ತದೆ. ಆದರೆ ಆ ಹೊತ್ತಿಗೆ ಮೂಲ ದತ್ತಾಂಶವನ್ನು ಯಾರೊಬ್ಬರೂ ಒಮ್ಮೆಯೂ ಕಣ್ಣಿಟ್ಟು ನೋಡಿರುವುದಿಲ್ಲ. ಆ ಕೊರತೆಯನ್ನು ತುಂಬುವ ತಂತ್ರಾಂಶ ಇಂಟಿಗ್ರೇಟಿವ್ ಜೀನೋಮಿಕ್ಸ್ ವ್ಯೂವರ್, ಬಳಕೆಯ ಮಾತಿನಲ್ಲಿ ಐಜಿವಿ. ಹಲವು ವರ್ಷ ಪ್ರತಿದಿನ ಬಳಸಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಬ್ರಾಡ್ ಇನ್‌ಸ್ಟಿಟ್ಯೂಟ್‌ನಲ್ಲಿ ಹುಟ್ಟಿದ ಈ ತಂತ್ರಾಂಶವನ್ನು ಜೇಮ್ಸ್ ರಾಬಿನ್ಸನ್ ಮತ್ತು ಅವರ ಸಂಗಡಿಗರು 2011ರಲ್ಲಿ ನೇಚರ್ ಬಯೋಟೆಕ್ನಾಲಜಿ ಪತ್ರಿಕೆಯ ಮೂಲಕ ಸಂಶೋಧಕರಿಗೆ ಪರಿಚಯಿಸಿದರು. ಇದು ಉಚಿತ, ಮೂಲಸಂಕೇತವೂ ಮುಕ್ತ. ಜಾವಾದಲ್ಲಿ ಬರೆದಿರುವುದರಿಂದ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಹೊಂದಿಸಿದ ರೀಡ್‌ಗಳನ್ನು ಹಿಡಿದಿಡುವ ಬ್ಯಾಮ್ ಕಡತ ಇಡೀ ಜೀನೋಮಿನದಾದರೆ ಹತ್ತಾರು ಗಿಗಾಬೈಟ್ ತೂಗುತ್ತದೆ. ಆದರೂ ಪಕ್ಕದಲ್ಲಿ ಅದರ ಸೂಚಿ ಕಡತವಿದ್ದರೆ ಐಜಿವಿ ನಾವು ನೋಡುತ್ತಿರುವ ತುಂಡನ್ನಷ್ಟೇ ಓದಿಕೊಳ್ಳುತ್ತದೆ. ಹೀಗಾಗಿ ದೂರದ ಸರ್ವರ್‌ನಲ್ಲಿರುವ ಕಡತವನ್ನೂ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡಬಹುದು.

ಇದರ ಮಹತ್ವ ನನಗೆ ಮನವರಿಕೆಯಾದದ್ದು ಪಿಎಂಎಸ್2 ಜೀನಿನ ಒಂದು ವೇರಿಯಂಟ್‌ನಿಂದ. ಪಟ್ಟಿಯಲ್ಲಿ ಅದು ಎಲ್ಲ ಶೋಧಕಗಳನ್ನೂ ದಾಟಿ ಬಂದಿತ್ತು, ಗುಣಮಟ್ಟದ ಅಂಕವೂ ತೃಪ್ತಿಕರವಾಗಿತ್ತು. ಪ್ರಯೋಗದ ಮೇಜಿನಲ್ಲಿ ಕೆಲಸ ಮಾಡುವ ಸಹೋದ್ಯೋಗಿ ಪ್ರೈಮರ್ (ಬೇಕಾದ ಜಾಗವನ್ನು ಹಿಡಿಯುವ ಚಿಕ್ಕ ಡಿಎನ್‌ಎ ತುಣುಕು) ತರಿಸಿ, ಆ ಒಂದು ಜಾಗವನ್ನಷ್ಟೇ ಓದುವ ಸ್ಯಾಂಗರ್ ವಿಧಾನದಲ್ಲಿ ಎರಡು ಸಲ ಪರೀಕ್ಷಿಸಿದರೂ ಅದು ಸಿಗಲಿಲ್ಲ. ಆಮೇಲೆ ನಾವಿಬ್ಬರೂ ಒಂದೇ ಪರದೆಯ ಮುಂದೆ ಕುಳಿತು ಆ ಜಾಗವನ್ನು ಐಜಿವಿಯಲ್ಲಿ ತೆರೆದೆವು. ಅಲ್ಲಿದ್ದ ರೀಡ್‌ಗಳಲ್ಲಿ ಹೆಚ್ಚಿನವು ಒಳಗೆ ಬಣ್ಣವಿಲ್ಲದೆ, ಅಂಚಿನ ಗೆರೆ ಮಾತ್ರ ಉಳಿದು ಬಿಳಿಯಾಗಿ ಕಾಣುತ್ತಿದ್ದವು. ಮ್ಯಾಪಿಂಗ್ ಗುಣಮಟ್ಟ ಸೊನ್ನೆ ಎಂಬುದನ್ನು, ಅಂದರೆ ಆ ರೀಡ್ ಜೀನೋಮಿನ ಒಂದಕ್ಕಿಂತ ಹೆಚ್ಚು ಕಡೆ ಅಷ್ಟೇ ಚೆನ್ನಾಗಿ ಕೂರಬಲ್ಲದು ಎಂಬುದನ್ನು, ಐಜಿವಿ ಹೀಗೆಯೇ ತೋರಿಸುತ್ತದೆ. ಪಿಎಂಎಸ್2ರ ಕೊನೆಯ ಎಕ್ಸಾನ್‌ಗಳನ್ನು ಬಹುಮಟ್ಟಿಗೆ ಹೋಲುವ ಪಿಎಂಎಸ್2ಸಿಎಲ್ ಎಂಬ ಹುಸಿಜೀನ್ (ಕೆಲಸ ಮಾಡದ ಜೀನ್ ಪ್ರತಿ) ಅದೇ ಏಳನೆಯ ಕ್ರೋಮೋಸೋಮಿನಲ್ಲಿದೆ. ಅಲ್ಲಿಗೆ ಸೇರಬೇಕಾಗಿದ್ದ ಬೆರಳೆಣಿಕೆಯ ರೀಡ್‌ಗಳ ಮೇಲೆ ಆ ವೇರಿಯಂಟ್‌ನ ತೀರ್ಮಾನ ನಿಂತಿತ್ತು. ಪಟ್ಟಿಯಲ್ಲಿ ಒಂದೇ ಸಾಲಾಗಿದ್ದ ಸಂಗತಿಯನ್ನು ಚಿತ್ರವಾಗಿ ಕಂಡಾಗ ವಿವರಣೆಯೇ ಬೇಕಾಗಲಿಲ್ಲ. ಸಹೋದ್ಯೋಗಿಯ ಎರಡು ವಾರದ ಶ್ರಮ ವ್ಯರ್ಥವಾದದ್ದು ನನ್ನನ್ನು ಇಂದಿಗೂ ಕಾಡುತ್ತದೆ. ಪ್ರೈಮರ್‌ಗೆ ಆರ್ಡರ್ ಹಾಕುವ ಮೊದಲೇ ನಾನು ಐದು ನಿಮಿಷ ಆ ಜಾಗವನ್ನು ನೋಡಬೇಕಾಗಿತ್ತು.

ಚಿತ್ರದ ಭಾಷೆ ಕಲಿಯಲು ಹೆಚ್ಚು ದಿನ ಬೇಕಾಗಿಲ್ಲ. ಆಕರಕ್ಕೆ ಹೊಂದುವ ಅಕ್ಷರಗಳು ಬೂದುಬಣ್ಣದಲ್ಲಿ ಹಿಂದೆ ಸರಿದು, ಹೊಂದದಿರುವವು ಮಾತ್ರ ಬಣ್ಣ ತಳೆದು ಎದ್ದು ಕಾಣುತ್ತವೆ: ಎ ಹಸಿರು, ಸಿ ನೀಲಿ, ಜಿ ಕಿತ್ತಳೆಗಂದು, ಟಿ ಕೆಂಪು. ರೀಡ್ ಒಳಗಿನ ಅಳಿವು ಕಪ್ಪು ಗೆರೆಯಾಗಿಯೂ ಸೇರ್ಪಡೆ ನೇರಳೆ ಗುರುತಾಗಿಯೂ ಕಾಣುತ್ತದೆ. ಒಂದೇ ತುಣುಕಿನ ಎರಡು ತುದಿಗಳಿಂದ ಓದಿದ ಜೋಡಿ ರೀಡ್‌ಗಳ ನಡುವಿನ ಅಂತರ ನಿರೀಕ್ಷೆಗಿಂತ ಹೆಚ್ಚಿದ್ದರೆ ಅವು ಕೆಂಪಾಗುತ್ತವೆ. ಆ ಕೆಂಪು ಜೋಡಿಗಳ ನಡುವೆ ಕವರೇಜ್, ಅಂದರೆ ಒಂದು ಜಾಗವನ್ನು ಆವರಿಸಿರುವ ರೀಡ್‌ಗಳ ಸಂಖ್ಯೆ, ಕುಸಿದಿದ್ದರೆ ದೊಡ್ಡ ಅಳಿವನ್ನು ಶಂಕಿಸಬಹುದು. ಬೇರೆ ಆವೃತ್ತಿಯ ಆಕರವನ್ನು ಆರಿಸಿಕೊಂಡಿದ್ದರೆ, ಎಚ್‌ಜಿ38ಕ್ಕೆ ಹೊಂದಿಸಿದ ಕಡತವನ್ನು ಎಚ್‌ಜಿ19ರ ಮೇಲೆ ತೆರೆದಿದ್ದರೆ, ಇಡೀ ಪರದೆ ಬಣ್ಣದಿಂದ ತುಂಬಿ ತಪ್ಪನ್ನು ತಾನೇ ಹೇಳಿಬಿಡುತ್ತದೆ. ಹಸಿರು ಮತ್ತು ಕೆಂಪನ್ನು ಬೇರೆ ಮಾಡಿ ನೋಡಲಾಗದವರಿಗೆ ಈ ಬಣ್ಣಗಳು ತೊಡಕಾಗುತ್ತವೆ. ಅವನ್ನು ಬದಲಿಸಿಕೊಳ್ಳುವ ಅವಕಾಶವಿದೆಯಾದರೂ ಮೊದಲಿನಿಂದಲೇ ಬೇರೆ ಜೋಡಿಯನ್ನು ಆರಿಸಬಹುದಿತ್ತು ಎನ್ನುವುದು ನನ್ನ ಅಭಿಪ್ರಾಯ.

ನನ್ನ ಮುಖ್ಯ ಆಕ್ಷೇಪ ಇರುವುದು ಐಜಿವಿ ತೋರಿಸುವುದರ ಬಗ್ಗೆ ಅಲ್ಲ, ಕೇಳದೆ ಮರೆಮಾಡುವುದರ ಬಗ್ಗೆ. ರೀಡ್‌ಗಳನ್ನು ಆಕರದ ಮೇಲೆ ಹೊಂದಿಸುವ ಅಲೈನರ್ ತಂತ್ರಾಂಶಗಳು ರೀಡ್‌ನ ತುದಿ ಆಕರಕ್ಕೆ ಹೊಂದದಿದ್ದಾಗ ಆ ತುದಿಯನ್ನು ಕತ್ತರಿಸಿ ಎಸೆಯುವುದಿಲ್ಲ, ಹೊಂದಿಕೆಯಿಂದ ಹೊರಗಿಟ್ಟು ಕಡತದಲ್ಲಿ ಉಳಿಸಿಕೊಳ್ಳುತ್ತವೆ. ಇದನ್ನೇ ಸಾಫ್ಟ್ ಕ್ಲಿಪ್ ಎನ್ನುವುದು. ಐಜಿವಿಯನ್ನು ಮೊದಲ ಬಾರಿ ತೆರೆದಾಗ ಈ ತುದಿಗಳು ಕಾಣುವುದಿಲ್ಲ. ಆಯ್ಕೆಗಳ ಪುಟಕ್ಕೆ ಹೋಗಿ ನಾವೇ ತೆರೆಯಬೇಕು. ತೀವ್ರ ಮೈಲಾಯ್ಡ್ ಲ್ಯುಕೇಮಿಯ ಎಂಬ ರಕ್ತದ ಕ್ಯಾನ್ಸರಿನ ಮಾದರಿಗಳಲ್ಲಿ ಹುಡುಕುವ ಎಫ್‌ಎಲ್‌ಟಿ3 ಜೀನಿನ ಆಂತರಿಕ ಪುನರಾವರ್ತನೆಯನ್ನೇ ತೆಗೆದುಕೊಳ್ಳಿ. ಜೀನಿನ ಒಂದು ತುಂಡು ತನ್ನ ಪಕ್ಕದಲ್ಲೇ ಮರುಕಳಿಸುವ ಈ ಬದಲಾವಣೆ ಉದ್ದವಾಗಿದ್ದರೆ, ಸಣ್ಣ ರೀಡ್‌ಗಳಲ್ಲಿ ಅದರ ಸುಳಿವು ಬಹುಪಾಲು ಸಾಫ್ಟ್ ಕ್ಲಿಪ್ ತುದಿಗಳಲ್ಲೇ ಉಳಿಯುತ್ತದೆ. ಆ ತುದಿಗಳು ಮರೆಯಾಗಿದ್ದಾಗ ಬೂದು ರೀಡ್‌ಗಳ ಸಾಲು ಶಾಂತವಾಗಿ, ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ತೆರೆದ ಕೂಡಲೇ ಒಂದೇ ಜಾಗದಲ್ಲಿ ಹತ್ತಾರು ರೀಡ್‌ಗಳ ತುದಿ ಬಣ್ಣಬಣ್ಣವಾಗಿ ಮುರಿದು ನಿಂತಿರುವುದು ಗೋಚರಿಸುತ್ತದೆ. ರೋಗಿಯ ಚಿಕಿತ್ಸೆಯನ್ನೇ ಬದಲಿಸಬಲ್ಲ ಮಾಹಿತಿ ಒಂದು ಆಯ್ಕೆಯ ಹಿಂದೆ ಅಡಗಿರುವುದು ನನಗೆ ಒಪ್ಪಿಗೆಯಾಗುವ ಮಾತಲ್ಲ.

ಕವರೇಜನ್ನು ಕಂಬಗಳಾಗಿ ತೋರಿಸುವ ಮೇಲಿನ ಪಟ್ಟಿಯದೂ ಇದೇ ಕಥೆ. ಒಂದು ಸ್ಥಾನದಲ್ಲಿ ಭಿನ್ನ ಅಕ್ಷರದ ಪಾಲು ಶೇಕಡಾ 20ನ್ನು ಮೀರಿದಾಗ ಮಾತ್ರ ಅಲ್ಲಿನ ಕಂಬಕ್ಕೆ ಬಣ್ಣ ಬರುವಂತೆ ಮೊದಲಿನಿಂದ ಹೊಂದಿಸಲಾಗಿದೆ. ತಂದೆತಾಯಿಯರಿಂದ ಬಂದ ವೇರಿಯಂಟ್‌ಗಳಿಗೆ ಈ ಮಿತಿ ಸರಿಯೇ, ಏಕೆಂದರೆ ಅಲ್ಲಿ ಪಾಲು ಅರ್ಧದ ಆಸುಪಾಸಿನಲ್ಲಿ ಅಥವಾ ಪೂರ್ಣಕ್ಕೆ ಹತ್ತಿರ ಇರುತ್ತದೆ. ಗೆಡ್ಡೆಯ ಮಾದರಿಯಲ್ಲಿ ಶೇಕಡಾ 5ರಷ್ಟು ಕೋಶಗಳಲ್ಲಷ್ಟೇ ಇರುವ ಬದಲಾವಣೆಯ ಮೇಲೆ ಕಂಬ ಬೂದಾಗಿಯೇ ಉಳಿಯುತ್ತದೆ. ಜೊತೆಗೆ ಆಳವಾದ, ಅಂದರೆ ಒಂದೇ ಜಾಗವನ್ನು ಬಹಳ ಸಲ ಓದುವ, ಸೀಕ್ವೆನ್ಸಿಂಗ್‌ನಲ್ಲಿ ಎಲ್ಲ ರೀಡ್‌ಗಳನ್ನೂ ಚಿತ್ರಿಸದೆ ಕೆಲವನ್ನಷ್ಟೇ ಆರಿಸಿ ತೋರಿಸುವ ಕ್ರಮವೂ ಇದೆ. ಕ್ಯಾನ್ಸರ್ ಪ್ಯಾನೆಲ್‌ಗಳಲ್ಲಿ, ಅಂದರೆ ಆಯ್ದ ಜೀನ್‌ಗಳ ಪರೀಕ್ಷೆಗಳಲ್ಲಿ, ಕೆಲಸ ಮಾಡುವವರು ಇವೆರಡನ್ನೂ ಮೊದಲ ದಿನವೇ ಬದಲಿಸಿಕೊಳ್ಳಬೇಕು.

ಇನ್ನೊಂದು ಗೊಂದಲಕ್ಕೆ ಐಜಿವಿಯನ್ನು ದೂರುವುದು ನ್ಯಾಯವಲ್ಲ. ಜಿಎಟಿಕೆ ತಂತ್ರಾಂಶದಲ್ಲಿ ವೇರಿಯಂಟ್ ಹುಡುಕುವ ಹ್ಯಾಪ್ಲೋಟೈಪ್‌ಕಾಲರ್ ಒಂದು ಅಳಿವನ್ನು ಖಚಿತವಾಗಿ ವರದಿ ಮಾಡಿದ್ದು, ಅದೇ ಜಾಗವನ್ನು ಐಜಿವಿಯಲ್ಲಿ ನೋಡಿದಾಗ ಅದಕ್ಕೆ ಸಾಕ್ಷಿಯಾಗುವ ರೀಡ್‌ಗಳೇ ಕಾಣದಿರುವುದುಂಟು. ಆ ಕಾಲರ್ ಅಲೈನರ್‌ನ ಹೊಂದಿಕೆಯನ್ನು ಬದಿಗಿಟ್ಟು ಆ ಪ್ರದೇಶದ ರೀಡ್‌ಗಳನ್ನು ಹೊಸದಾಗಿ ಜೋಡಿಸಿ ನಿರ್ಧರಿಸುತ್ತದೆ. ನಾವು ತೆರೆದಿರುವುದು ಹಳೆಯ ಹೊಂದಿಕೆಯನ್ನು. ಬ್ಯಾಮ್‌ಔಟ್ ಆಯ್ಕೆಯಿಂದ ಹೊಸ ಹೊಂದಿಕೆಯ ಕಡತವನ್ನು ಪಡೆದು, ಎರಡನ್ನೂ ಮೇಲೆ ಕೆಳಗೆ ಇಟ್ಟು ನೋಡಿದರೆ ಸಂಶಯ ತೀರುತ್ತದೆ. ಹೊಸಬರು ಇದನ್ನು ತಿಳಿಯದೆ ನಿಜವಾದ ವೇರಿಯಂಟ್‌ಗಳನ್ನು ತಿರಸ್ಕರಿಸಿದ್ದನ್ನು ನಾನು ಕಂಡಿದ್ದೇನೆ.

ಒಂದೊಂದೇ ಜಾಗವನ್ನು ಕೈಯಿಂದ ತೆರೆಯುವುದು ಇನ್ನೂರು ವೇರಿಯಂಟ್‌ಗಳ ಪಟ್ಟಿಗೆ ಸಾಧ್ಯವಾಗುವ ಕೆಲಸವಲ್ಲ. ಇದಕ್ಕಾಗಿ ಐಜಿವಿಯಲ್ಲಿ ಬ್ಯಾಚ್ ಆಜ್ಞೆಗಳಿವೆ: ಕಡತವನ್ನು ತೆರೆ, ಈ ಸ್ಥಾನಕ್ಕೆ ಹೋಗು, ರೀಡ್‌ಗಳನ್ನು ಅಕ್ಷರದ ಪ್ರಕಾರ ವಿಂಗಡಿಸು, ಚಿತ್ರ ಉಳಿಸು ಎಂಬ ಸಾಲುಗಳನ್ನು ಪೈಥಾನ್‌ನಿಂದ ಬರೆಸಿ ಕೊಟ್ಟರೆ ಚಿತ್ರಗಳು ತಾವಾಗಿ ಒಂದು ಫೋಲ್ಡರಿನಲ್ಲಿ ಸಿದ್ಧವಾಗುತ್ತವೆ. ತೆರೆದಿರುವ ಐಜಿವಿಗೆ 60151ನೆಯ ಪೋರ್ಟ್ ಮೂಲಕ ಬೇರೆ ತಂತ್ರಾಂಶದಿಂದಲೂ ಆಜ್ಞೆ ಕಳುಹಿಸಬಹುದು. ಹೀಗೆ ನಮ್ಮ ವೇರಿಯಂಟ್ ಪಟ್ಟಿಯ ಪ್ರತಿ ಸಾಲಿಗೂ ಒಂದು ಕೊಂಡಿ ಕೊಟ್ಟಿದ್ದೇವೆ, ಒತ್ತಿದರೆ ಐಜಿವಿ ನೇರವಾಗಿ ಅಲ್ಲಿಗೇ ಹೋಗುತ್ತದೆ. ನನ್ನ ಮಟ್ಟಿಗೆ ಇಡೀ ತಂತ್ರಾಂಶದ ಅತ್ಯುತ್ತಮ ಸೌಲಭ್ಯ ಇದು.

ರೋಗಿಗಳ ದತ್ತಾಂಶದೊಂದಿಗೆ ಕೆಲಸ ಮಾಡುವವರಿಗೆ, ಕಡತಗಳು ನಮ್ಮ ಯಂತ್ರದಲ್ಲೇ ಉಳಿಯುತ್ತವೆ ಎಂಬುದು ದೊಡ್ಡ ಸಮಾಧಾನ. ಆದರೆ ರೀಡ್ ಮೇಲೆ ಬಲಗುಂಡಿ ಒತ್ತಿದಾಗ ಸಿಗುವ ಬ್ಲಾಟ್ ಹುಡುಕಾಟ (ರೀಡ್ ಜೀನೋಮಿನಲ್ಲಿ ಎಲ್ಲೆಲ್ಲಿ ಕೂರುತ್ತದೆ ಎಂದು ನೋಡುವುದು) ಆ ಅನುಕ್ರಮವನ್ನು ಹೊರಗಿನ ಸರ್ವರ್‌ಗೆ ಕಳುಹಿಸುತ್ತದೆ ಎಂಬುದನ್ನು ನೆನಪಿಡಬೇಕು. ಪರದೆಯೇ ಇಲ್ಲದ ಸರ್ವರ್‌ನಲ್ಲಿ ಅವಸರಕ್ಕೆ, ರೀಡ್‌ಗಳನ್ನು ಟರ್ಮಿನಲ್‌ನಲ್ಲೇ ಅಕ್ಷರಗಳಾಗಿ ತೋರಿಸುವ ಸ್ಯಾಮ್‌ಟೂಲ್ಸ್ ತಂತ್ರಾಂಶದ ಟಿವ್ಯೂ ಸಾಕಾಗುತ್ತದೆ. ವೆಬ್ ಪುಟದೊಳಗೆ ಚಿತ್ರ ಕೂರಿಸಬೇಕಾದವರಿಗೆ ಇದೇ ತಂಡದ ಐಜಿವಿ ಜೆಎಸ್ ಇದೆ.

ನಮ್ಮ ಪ್ರಯೋಗಾಲಯದಲ್ಲಿ ಈಗ ಯಾವ ವೇರಿಯಂಟ್ ಕೂಡ ಐಜಿವಿ ಚಿತ್ರವಿಲ್ಲದೆ ಪರೀಕ್ಷೆಯ ಮೇಜಿಗೆ ಹೋಗುವುದಿಲ್ಲ. ಪ್ರತಿ ಚಿತ್ರದ ಕೆಳಗೆ ಸಾಫ್ಟ್ ಕ್ಲಿಪ್ ತೆರೆದಿತ್ತೇ, ಬಣ್ಣದ ಮಿತಿ ಎಷ್ಟಿತ್ತು, ನಕಲು ರೀಡ್‌ಗಳನ್ನು ಮರೆಮಾಡಲಾಗಿತ್ತೇ ಎಂಬ ಮೂರು ವಿವರಗಳನ್ನು ಬರೆದಿಡುತ್ತೇವೆ.