ಗಿಳಿ ಓಡಿಸಲು ಮಿಂಚುಪಟ್ಟಿಯೋ, ಬಲೆಯೋ, ಡ್ರೋನೋ?

ಕೊಪ್ಪಳ ಕಡೆಯ ನಮ್ಮ ಎರೆಹೊಲದಲ್ಲಿ ಸೂರ್ಯಕಾಂತಿ ಕಾಳು ಹಾಲು ತುಂಬಿತು ಅಂದರೆ ಗಿಳಿಗಳ ಹಿಂಡು ಬಂತು ಅಂತಲೇ ಲೆಕ್ಕ. ತಿನ್ನುವುದಕ್ಕಿಂತ ಕಚ್ಚಿ ಬೀಳಿಸುವುದೇ ಜಾಸ್ತಿ. ಹಕ್ಕಿಗೆ ಏಟಾಗಬಾರದು, ಕಾಳೂ ಉಳಿಯಬೇಕು. ಅದಕ್ಕೇ ಮೂರನ್ನೂ ನೋಡಿದೆವು.

ಮಿಂಚುಪಟ್ಟಿ ಎಲ್ಲಕ್ಕಿಂತ ಅಗ್ಗ. ಹೊಳೆಯುವ ತೆಳು ಪ್ಲಾಸ್ಟಿಕ್ ಪಟ್ಟಿ ಅದು, ಒಂದು ಬದಿ ಕೆಂಪು, ಇನ್ನೊಂದು ಬದಿ ಬೆಳ್ಳಿ ಬಣ್ಣ. ಗೂಟದಿಂದ ಗೂಟಕ್ಕೆ ಸ್ವಲ್ಪ ತಿರುಚಿ ಕಟ್ಟಿದರೆ ಗಾಳಿಗೆ ಗುಂಯ್ ಅನ್ನುತ್ತದೆ, ಬಿಸಿಲಿಗೆ ಮಿಂಚುತ್ತದೆ. ಆದರೆ ಗಿಳಿ ಬರುವುದು ಹೊತ್ತು ಹುಟ್ಟುವಾಗ, ಆಗ ಗಾಳಿಯೂ ಇಲ್ಲ, ಬಿಸಿಲೂ ಇಲ್ಲ! ಹೂ ಬಿಡುವಾಗಲೇ ಕಟ್ಟಿಬಿಟ್ಟರೆ ಕಾಳು ಕಟ್ಟುವಷ್ಟರಲ್ಲಿ ಹಕ್ಕಿಗಳಿಗೆ ಅದು ರೂಢಿಯಾಗಿಬಿಡುತ್ತದೆ, ಆಮೇಲೆ ಅದೇ ಗೂಟದ ಮೇಲೆ ಕೂತು ತಿನ್ನುತ್ತವೆ.

ಬಲೆ ದ್ರಾಕ್ಷಿಗೆ, ದಾಳಿಂಬೆಗೆ ಸರಿ. ಬಯಲು ಹೊಲಕ್ಕೆ ಖರ್ಚು ಹುಟ್ಟಲ್ಲ. ಸಣ್ಣ ನೈಲಾನ್ ಎಳೆಯದ್ದನ್ನು ಸಡಿಲವಾಗಿ ಹಾಸಿದರಂತೂ ಹಕ್ಕಿ ಕಾಲು, ರೆಕ್ಕೆ ಸಿಕ್ಕಿಹಾಕಿಕೊಂಡು ಒದ್ದಾಡುತ್ತವೆ, ಹಾವೂ ಸಿಗುತ್ತದೆ. ನನಗೆ ಬೇಡ.

ಇನ್ನು ಡ್ರೋನ್. ಹಿಂಡು ಇಳಿಯುವ ಮೊದಲೇ ಹಾರಿಸಿದರೆ ಒಳ್ಳೆ ಕೆಲಸ ಮಾಡುತ್ತದೆ. ನೆತ್ತಿ ಮೇಲೆ ಸುಮ್ನೆ ನಿಲ್ಲಿಸಬಾರದು, ಹೊಲದ ನಡುವಿನಿಂದ ಅಂಚಿನ ಕಡೆಗೆ ನಿಧಾನ ತಳ್ಳಿಕೊಂಡು ಹೋಗಬೇಕು, ದಿನಾ ಬೇರೆ ಬೇರೆ ದಿಕ್ಕಿನಿಂದ. ಬೆನ್ನಟ್ಟಿ ದಣಿಸುವುದು, ಗೂಡಿರುವ ಮರದ ಹತ್ತಿರ ಹೋಗುವುದು ಬೇಡವೇ ಬೇಡ. ಸಣ್ಣ ಕ್ಯಾಮೆರಾ ಡ್ರೋನಿನ ಬ್ಯಾಟರಿ ಸುಮಾರು 20–30 ನಿಮಿಷ ಬರುತ್ತದೆ, ಗಿಳಿಗಳು ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಬಿಡುವುದಿಲ್ಲ, ಹೆಚ್ಚುವರಿ ಬ್ಯಾಟರಿ ಇಲ್ಲದೆ ಕೆಲಸ ಆಗಲ್ಲ. ಹದ್ದು ಎರಗಿದರೆ ತಕ್ಷಣ ಇಳಿಸಿ. ನವಿಲಿನ ಮುಂದೆ ಮಾತ್ರ ಇದರ ಆಟ ನಡೆಯಲಿಲ್ಲ, ಅವು ಹಾರುವ ಬದಲು ಬೆಳೆಯೊಳಗೆ ನುಸುಳಿಕೊಳ್ಳುತ್ತವೆ, ಅಲ್ಲಿಗೆ ಡಬ್ಬಿ ಬಡಿಯುವ ಮನುಷ್ಯನೇ ಬೇಕು. 2021ರ ಡ್ರೋನ್ ನಿಯಮದಲ್ಲಿ 250 ಗ್ರಾಂ ಒಳಗಿನದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ, ಆದರೂ ವಿಮಾನ ನಿಲ್ದಾಣ ಹತ್ತಿರವಿದ್ದರೆ ಡ್ರೋನ್ ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಅಂತ ತೋರಿಸುವ ಸರ್ಕಾರಿ ನಕ್ಷೆಯನ್ನು ಮೊದಲು ನೋಡಿಕೊಳ್ಳಿ.

ಎರಡು ಎಕರೆಯೊಳಗಿದ್ದರೆ ನಾನು ಪಟ್ಟಿ ಕಟ್ಟಿ, ಬೆಳಿಗ್ಗೆ ಸಂಜೆ ಒಬ್ಬರನ್ನು ಅಟ್ಟಣಿಗೆ ಮೇಲೆ ಕೂರಿಸುತ್ತೇನೆ. ಡ್ರೋನಿಗೆ ಅಷ್ಟು ದುಡ್ಡು ಹಾಕಲ್ಲ. ಅದಕ್ಕಿಂತ ದೊಡ್ಡ ಹೊಲವಾದರೆ ಡ್ರೋನ್ ಸರಿ, ಆದರೆ ಒಬ್ಬರೇ ಕೊಳ್ಳಬೇಡಿ. ನಿಮ್ಮಲ್ಲಿ ಎದ್ದ ಗಿಳಿ ನೆಟ್ಟಗೆ ಪಕ್ಕದವರ ಜೋಳಕ್ಕೆ ಇಳಿಯುತ್ತದೆ, ಆಮೇಲೆ ಜಗಳ ಬದುವಿನ ಮೇಲೆ. ನಾಲ್ಕು ಮನೆಯವರು ಸೇರಿ ಕೊಂಡು ಪಾಳಿಯಲ್ಲಿ ಹಾರಿಸಿ.