ಸೋಲಾಪುರ ರಸ್ತೆಯ ನರ್ಸರಿ: ಗಿಡ ತಗೊಳ್ಳಿ, ಪ್ಯಾಕೇಜ್ ಬೇಡ

ಐದಕ್ಕೆ ಮೂರೂವರೆ ಸ್ಟಾರ್. ಗಿಡಗಳಿಗೆ ಮಾತ್ರ ಅಂದರೆ ನಾಲ್ಕೂವರೆ ಕೊಡುತ್ತಿದ್ದೆ, ಮಾಲಿಗೆ ಐದಕ್ಕೆ ಐದು. ಆದರೆ ಕೌಂಟರಿನಲ್ಲಿ ಕೂತು ‘ಲ್ಯಾಂಡ್‌ಸ್ಕೇಪ್ ಪ್ಯಾಕೇಜ್’ ಮಾರುವವರು ಅದನ್ನೆಲ್ಲ ಹಾಳು ಮಾಡಿದರು. ಪುಣೆಯಲ್ಲಿ ಹೊಸದಾಗಿ ಮನೆ ಕಟ್ಟಿಸಿದ ನಮ್ಮ ಕನ್ನಡದವರು ಹೂವಿನ ಮರ ಎಲ್ಲಿ ಸಿಗುತ್ತೆ, ಯಾವುದು ಹಾಕೋದು ಅಂತ ಗ್ರೂಪಿನಲ್ಲಿ ಕೇಳುತ್ತಲೇ ಇರುತ್ತಾರೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಹಡಪ್ಸರ ದಾಟಿ ಸೋಲಾಪುರ ರಸ್ತೆ ಹಿಡಿದರೆ ಲೋಣಿ ಕಾಳಭೋರ್, ಉರುಳಿ ಕಾಂಚನ್ ಕಡೆಗೆ ನರ್ಸರಿಗಳ ಸಾಲು ಸಿಗುತ್ತದೆ. ಅದರಲ್ಲಿ ಒಂದು ಇದು. ಹೆಸರು ಹಾಕುತ್ತಿಲ್ಲ. ತೊಂದರೆ ಅವರೊಬ್ಬರದ್ದೇ ಆಗಿದ್ದರೆ ಬೇರೆ ಮಾತು, ಅಕ್ಕಪಕ್ಕದಲ್ಲಿ ವಿಚಾರಿಸಿದಾಗಲೂ ಹೆಚ್ಚುಕಡಿಮೆ ಇದೇ ಕಥೆ.

ನಮ್ಮದು ಎರಡೂವರೆ ಗುಂಟೆ ಪ್ಲಾಟು. ಮನೆ, ಕಾರು ನಿಲ್ಲಿಸುವ ಜಾಗ ಬಿಟ್ಟರೆ ಮುಂದುಗಡೆ ಇಪ್ಪತ್ತು ಅಡಿ ಉದ್ದಗಲದ ಒಂದು ತುಂಡು, ಪಕ್ಕದಲ್ಲಿ ಎಂಟು ಅಡಿಯ ಪಟ್ಟಿ, ಹಿಂದೆ ಬೋರ್‌ವೆಲ್ ಆಚೆಗೆ ಒಂದಿಷ್ಟು. ಕೌಂಟರಿನವರು ಜಾಗದ ಫೋಟೋ ಕೂಡ ನೋಡದೆ ಲ್ಯಾಮಿನೇಟ್ ಮಾಡಿದ ಹಾಳೆಯೊಂದನ್ನು ಮುಂದಿಟ್ಟರು. ಮುಂದೆ ಎರಡು ಗುಲ್‌ಮೊಹರ್, ಗೇಟಿನ ಎರಡೂ ಬದಿಗೆ ಸಪ್ತಪರ್ಣಿ, ಗೋಡೆಗುಂಟ ಸಾಲಾಗಿ ಕೊನೊಕಾರ್ಪಸ್, ನಡುವೆ ಹುಲ್ಲು. "ದೋನ್ ವರ್ಷಾತ್ ಫುಲ್ ಗ್ರೀನ್, ಮ್ಯಾಡಮ್" ಅಂದರು. ಎರಡು ವರ್ಷಕ್ಕೆ ಹಸಿರಾಗುವುದು ನಿಜವೇ. ಹತ್ತನೇ ವರ್ಷದ ಸುದ್ದಿ ಮಾತ್ರ ಆ ಹಾಳೆಯಲ್ಲಿ ಇರಲಿಲ್ಲ.

ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದ ಮರ. ಮೇ ತಿಂಗಳಲ್ಲಿ ಅದರಷ್ಟು ಚೆಂದ ಇನ್ನೊಂದಿಲ್ಲ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದು ಎತ್ತರಕ್ಕಿಂತ ಅಗಲಕ್ಕೇ ಜಾಸ್ತಿ ಹೋಗುತ್ತದೆ, ಬೆಳೆದ ಮರದ ಹರವು ಮೂವತ್ತು ನಲವತ್ತು ಅಡಿ ಆಗುತ್ತದೆ, ಬೇರು ಮೇಲುಮೇಲೇ ಓಡಿ ಪೇವಿಂಗ್ ಬ್ಲಾಕುಗಳನ್ನು ಎತ್ತುತ್ತದೆ, ಕೊಂಬೆ ಬೇರೆ ಮೆದು. ಮುಂಬೈ ಇರಲಿ ಪುಣೆ ಇರಲಿ, ಮಳೆಗಾಲದಲ್ಲಿ ಮರ ಬಿದ್ದ ಸುದ್ದಿ ಬಂದರೆ ಅದರಲ್ಲಿ ಒಂದಾದರೂ ಗುಲ್‌ಮೊಹರ್ ಇರುತ್ತದೆ. ಅಂಥದ್ದನ್ನು ಇಪ್ಪತ್ತು ಅಡಿ ಜಾಗಕ್ಕೆ ಎರಡು!

ಸಪ್ತಪರ್ಣಿ ನಮ್ಮ ಕಡೆಯ ಹಾಲೆ ಮರ. ಒಳ್ಳೆಯ ಮರವೇ, ಬೇಗ ಬೆಳೆಯುತ್ತದೆ, ದನ ಮುಟ್ಟುವುದಿಲ್ಲ, ಅದಕ್ಕೇ ಊರಿನ ತುಂಬ ನೆಟ್ಟಿದ್ದಾರೆ. ಅಕ್ಟೋಬರ್ ನವೆಂಬರ್‌ನಲ್ಲಿ ಹೂ ಬಿಟ್ಟಾಗ ರಾತ್ರಿ ಅದರ ವಾಸನೆ ಎಷ್ಟು ಗಾಢ ಅಂದರೆ ಕೆಲವರಿಗೆ ತಲೆನೋವೇ ಬರುತ್ತದೆ. ಮಲಗುವ ಕೋಣೆಯ ಕಿಟಕಿ ಹತ್ತಿರ ಇದನ್ನು ಹಾಕಿಸಿಕೊಂಡವರನ್ನು ಕೇಳಿ ನೋಡಿ. ಇನ್ನು ಕೊನೊಕಾರ್ಪಸ್ ಹೂವಿನ ಮರವೇ ಅಲ್ಲ, ಸುಮ್ನೆ ಹಸಿರು ಗೋಡೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಬೇರು ನೆಲದಡಿಯ ಕೇಬಲ್ಲು, ಪೈಪು, ಚರಂಡಿಗೆ ನುಗ್ಗುತ್ತದೆ, ಅದರ ಪರಾಗದಿಂದ ನೆಗಡಿ ಕೆಮ್ಮು ಬರುತ್ತದೆ ಅನ್ನುವುದು ಅವರು ಕೊಟ್ಟ ಕಾರಣ. ಇಲ್ಲಿ ಇನ್ನೂ ಅದನ್ನು ಸಾಲುಸಾಲಾಗಿ ಮಾರುತ್ತಿದ್ದಾರೆ.

ದೊಡ್ಡದಾದ ಮೇಲೆ ಕಡಿಸಿದರಾಯ್ತು ಅಂತ ಕೌಂಟರಿನವರು ಹೇಳಿದ್ದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ಮಹಾರಾಷ್ಟ್ರದ ಊರುಗಳಲ್ಲಿ ಮರ ಕಡಿಯುವುದಕ್ಕೆ 1975ರ ಕಾಯ್ದೆ ಇದೆ. ನಿಮ್ಮದೇ ಜಾಗ, ನೀವೇ ನೆಟ್ಟ ಮರ ಆದರೂ ವೃಕ್ಷ ಪ್ರಾಧಿಕಾರದ ಅನುಮತಿ ಬೇಕು, ಅಂದರೆ ಪಾಲಿಕೆಗೆ ಅರ್ಜಿ ಹಾಕಬೇಕು. ಗಿಡ ಮಾರುವವರಿಗೆ ಇದು ಗೊತ್ತಿಲ್ಲದೆ ಇರುತ್ತದೆಯಾ?

ಇನ್ನು ಒಳ್ಳೆಯ ಭಾಗ. ಒಳಗೆ ಪೈಪು ಹಿಡಿದು ನೀರು ಬಿಡುತ್ತಿದ್ದ ಮಾಲಿ ನಾವಿಬ್ಬರೂ ಮಾತಾಡುವುದು ಕೇಳಿ ಕನ್ನಡದಲ್ಲೇ ಶುರು ಮಾಡಿದರು. ಇಂಡಿ ಕಡೆಯವರು. "ಅಕ್ಕಾರ, ಮೊದ್ಲ ಗ್ವಾಡಿ ಎಷ್ಟ್ ದೂರ ಐತಿ ಹೇಳ್ರಿ, ಆಮ್ಯಾಲ ಯಾವ ಗಿಡ ಹಚ್ಚೂದು ನೋಡೋಣು" ಅಂದರು. ಆಮೇಲೆ ಒಂದರ ಹಿಂದೊಂದು ಪ್ರಶ್ನೆ. ಮೇಲೆ ಕರೆಂಟಿನ ತಂತಿ ಇದೆಯಾ? ಸಂಪು ಯಾವ ಕಡೆ, ಡ್ರೈನೇಜ್ ಚೇಂಬರ್ ಯಾವ ಕಡೆ? ಬಿಸಿಲು ಬೆಳಿಗ್ಗೆಯದ್ದೋ ಮಧ್ಯಾಹ್ನದ್ದೋ? ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತೀರಾ? ನೆಲ ಎರಿಯೋ ಮುರುಮೋ? ಇಷ್ಟರಲ್ಲಿ ಒಂದನ್ನೂ ಕೌಂಟರಿನಲ್ಲಿ ಕೇಳಿರಲಿಲ್ಲ.

ಮಣ್ಣಿನ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪುಣೆಯ ಅಡಿಯಲ್ಲಿ ಇರುವುದು ಕಪ್ಪು ಬಸಾಲ್ಟ್ ಬಂಡೆ. ಅದರ ಮೇಲೆ ಕೆಲವು ಕಡೆ ಮುರುಮು, ಅಂದರೆ ಗರಸು, ಕೆಲವು ಕಡೆ ಎರೆಮಣ್ಣು. ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ಕೂರುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಮಾಲಿ ಹೇಳಿಕೊಟ್ಟ ಪರೀಕ್ಷೆ ಸುಲಭ. ಎರಡೂವರೆ ಅಡಿ ಗುಂಡಿ ತೋಡಿ ತುಂಬ ನೀರು ಬಿಡಿ. ಮಾರನೇ ದಿನವೂ ನೀರು ನಿಂತಿದ್ದರೆ ಅಲ್ಲಿ ಕಕ್ಕೆ, ಸಂಪಿಗೆ, ದೇವಕಣಗಿಲೆ ಯಾವುದೂ ಬೇಡ, ಬೇರು ಕೊಳೆಯುತ್ತದೆ. ಬೇರೆ ಜಾಗ ನೋಡಬೇಕು, ಇಲ್ಲಾ ಒಂದೂವರೆ ಅಡಿ ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಬೇಕು.

ಮುಂದಿನ ಜಾಗಕ್ಕೆ ನಮ್ಮನೆಯವರಿಗೆ ಹೊಳೆದಾಸವಾಳ ಬೇಕಿತ್ತು. ಇಲ್ಲಿ ಅದಕ್ಕೆ ತಾಮ್ಹಣ ಅನ್ನುತ್ತಾರೆ, ಮಹಾರಾಷ್ಟ್ರದ ರಾಜ್ಯ ಪುಷ್ಪ. ಏಪ್ರಿಲ್‌ನಿಂದ ಜೂನ್ ತನಕ ನೇರಳೆ ಗೊಂಚಲು ಬಿಡುತ್ತದೆ, ಹಳೆಯದಾದ ಹಾಗೆ ಬಣ್ಣ ತೆಳುವಾಗುತ್ತಾ ಹೋಗುತ್ತದೆ, ಒಂದೇ ಮರದಲ್ಲಿ ಎರಡು ಮೂರು ಛಾಯೆ ಕಾಣುತ್ತದೆ. ಕಣ್ಣು ತೆಗೆಯಲಾಗದಷ್ಟು ಚೆಂದ. ಆದರೆ ಅದು ಕೊಂಕಣದ ಹೊಳೆ ದಂಡೆಯಲ್ಲಿ ಬೆಳೆಯುವ ಮರ, ಪುಣೆಯಲ್ಲಿ ಬೇಸಿಗೆಗೆ ನೀರು ಕೇಳುತ್ತದೆ, ನಮ್ಮ ಕಡೆ ಮಾರ್ಚ್ ಬಂತೆಂದರೆ ಟ್ಯಾಂಕರ್. ಅದಕ್ಕೆ ಕಕ್ಕೆ ತಗೊಂಡೆವು. ಇಲ್ಲಿ ಬಹಾವಾ ಅಂತ ಕೇಳಿ. ಇದು ನಮ್ಮದೇ ನೆಲದ ಮರ, ಬೇರೂರಿದ ಮೇಲೆ ನೀರಿಗೆ ಕಾಡುವುದಿಲ್ಲ, ಮೇ ಬಿಸಿಲಲ್ಲಿ ಎಲೆ ಉದುರಿಸಿ ಮೈತುಂಬ ಹಳದಿ ಗೊಂಚಲು ತೂಗುಬಿಡುತ್ತದೆ. ತಗಾದೆ ಇಲ್ಲದ ಮರ ಅಂತ ಮಾತ್ರ ಅಂದುಕೊಳ್ಳಬೇಡಿ. ಒಂದೊಂದು ಸಲ ಹಸಿರು ಹುಳ ಎಲೆಯನ್ನೆಲ್ಲ ಮೇಯುತ್ತದೆ, ಅವು ತಿಳಿಹಳದಿ ಚಿಟ್ಟೆಯ ಮರಿಗಳು, ಔಷಧಿ ಹೊಡೆಯಬೇಡಿ, ಎಲೆ ಮತ್ತೆ ಚಿಗುರುತ್ತದೆ. ಮೊಳದುದ್ದದ ಕಪ್ಪು ಕಾಯಿಗಳು ಬೀಳುತ್ತವೆ, ಕಾರಿನ ಮೇಲೆ ಬೇಡ ಅನ್ನುವವರು ಮೊದಲೇ ಯೋಚಿಸಿ. ಬೀಜದ ಸಸಿ ಹೂ ಬಿಡೋಕೆ ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ, ಆ ತಾಳ್ಮೆ ಬೇಕು.

ಎಂಟು ಅಡಿ ಪಟ್ಟಿಗೆ ಪಾರಿಜಾತ ಮತ್ತು ದೇವಕಣಗಿಲೆ. ಪಾರಿಜಾತದ ಬಗ್ಗೆ ನಾನು ಏನು ಹೇಳೋದು, ಎಲ್ಲರಿಗೂ ಗೊತ್ತು. ಮಳೆಗಾಲದ ಕೊನೆಯಿಂದ ದೀಪಾವಳಿ ಆಚೆತನಕ ಹೂ, ಸವರಿದರೆ ಸವರಿದಷ್ಟು ಚಿಕ್ಕದಾಗಿ ಇರುತ್ತದೆ. ದೇವಕಣಗಿಲೆ ಇಲ್ಲಿ ಚಾಫಾ. ಬೇರು ಗೋಡೆಗೆ ತೊಂದರೆ ಕೊಡುವುದಿಲ್ಲ, ನೀರು ಜಾಸ್ತಿ ಬೇಡವೇ ಬೇಡ. ಮಳೆಗಾಲದಲ್ಲಿ ಎಲೆಯ ಹಿಂದೆ ಕೇಸರಿ ಪುಡಿಯಂಥ ತುಕ್ಕು ರೋಗ ಬರುತ್ತದೆ, ಆ ಎಲೆ ಕಿತ್ತು ಹಾಕಿದರೆ ಆಯ್ತು. ಥಾಯ್ಲೆಂಡಿನ ತಳಿ ಅಂತ ಬಣ್ಣಬಣ್ಣದ್ದನ್ನು ಹೂ ಇರುವಾಗಲೇ ಮುಂದೆ ಸಾಲಾಗಿ ಇಟ್ಟು ಮೂರು ಪಟ್ಟು ಬೆಲೆ ಹೇಳುತ್ತಾರೆ. ನಾವು ಬಿಳಿಯ ಮಾಮೂಲಿಯದ್ದನ್ನೇ ತಂದೆವು. ಪರಿಚಯದವರ ಮನೆಯಲ್ಲಿ ಇದ್ದರೆ ಅದೂ ಬೇಡ, ಒಂದು ಕೊಂಬೆ ಕಡಿದು ಹಾಲು ಆರಿಸಿ ನೆಟ್ಟರೆ ಬರುತ್ತದೆ.

ಹಿಂದುಗಡೆಗೆ ಸಂಪಿಗೆ. ಸೋನ್‌ಚಾಫಾ ಅನ್ನಬೇಕು, ಬರೀ ಚಾಫಾ ಅಂದರೆ ದೇವಕಣಗಿಲೆ ಕೈಗೆ ಕೊಡುತ್ತಾರೆ. ಕಸಿ ಗಿಡವೇ ತಗೊಳ್ಳಿ, ಒಂದೆರಡು ವರ್ಷದಲ್ಲಿ ಹೂ ಕಾಣುತ್ತೀರಿ, ಗಿಡವೂ ಗಿಡ್ಡವಾಗಿ ಇರುತ್ತದೆ. ಬೀಜದ್ದಾದರೆ ಮರ ಮುಗಿಲಿಗೆ ಹೋಗುತ್ತದೆ, ಹೂ ಕೀಳೋಕೆ ಏಣಿ ಬೇಕು.

ಬೆಂಗಳೂರಿನಿಂದ ಬಂದ ಗೆಳೆಯರೆಲ್ಲ ಗುಲಾಬಿ ಟಬೂಬಿಯಾ ಯಾಕೆ ಹಾಕಲಿಲ್ಲ ಅಂತ ಕೇಳುತ್ತಾರೆ. ಅಲ್ಲಿ ರಸ್ತೆ ಬದಿಗೆ ನಲವತ್ತು ಅಡಿ ಬೆಳೆದು ನಿಂತದ್ದನ್ನು ನೋಡಿ ಬಂದವರು ಅವರು. ಆದರೆ ಬೆಂಗಳೂರಿನಿಂದ ಕಲಿಯುವುದು ಬೇರೆ ಇದೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಒಂದರ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವ ಹಾಗೆ ಊರಿಗೆ ಮರಗಳನ್ನು ಆರಿಸಿದರು. ನಾಲ್ಕೇ ಮರದಲ್ಲೂ ಅದು ಸಾಧ್ಯ. ಕಕ್ಕೆ ಬೇಸಿಗೆಗೆ, ದೇವಕಣಗಿಲೆ ಬೇಸಿಗೆಯಿಂದ ಮಳೆಗಾಲಕ್ಕೆ, ಸಂಪಿಗೆ ಮಳೆಗಾಲಕ್ಕೆ, ಪಾರಿಜಾತ ಅದರ ಬೆನ್ನಿಗೆ. ಚಳಿಗಾಲಕ್ಕೆ ಆಕಾಶಮಲ್ಲಿಗೆ ಇದ್ದಿದ್ದರೆ ಪೂರ್ತಿ ಆಗುತ್ತಿತ್ತು. ಪುಣೆಯ ಹಳೆಯ ರಸ್ತೆಗಳಲ್ಲಿ ನವೆಂಬರ್ ರಾತ್ರಿ ಹೋದರೆ ಆ ವಾಸನೆಗೆ ಸ್ಕೂಟರ್ ನಿಲ್ಲಿಸಬೇಕು ಅನಿಸುತ್ತದೆ. ಆದರೆ ಅರವತ್ತು ಅಡಿಗೆ ಹೋಗುವ ಮರ, ಕೊಂಬೆ ಗಾಳಿಗೆ ಮುರಿಯುತ್ತದೆ, ಬೇರಿನಿಂದ ಅಲ್ಲಲ್ಲಿ ಮರಿ ಏಳುತ್ತದೆ. ರಸ್ತೆಯಲ್ಲೇ ನೋಡಿ ಖುಷಿಪಡುತ್ತೇನೆ. ಅಶೋಕ ಬೇಕಾದವರಿಗೆ ಒಂದು ಮಾತು: ಸುಮ್ನೆ ಅಶೋಕ ಅಂದರೆ ಉದ್ದಕ್ಕೆ ಕಂಬದ ಹಾಗೆ ಬೆಳೆಯುವ ಮರ ಕೊಡುತ್ತಾರೆ. ಕೆಂಪು ಕೇಸರಿ ಗೊಂಚಲು ಬಿಡುವುದು ಸೀತಾ ಅಶೋಕ, ಅದಕ್ಕೆ ಸ್ವಲ್ಪ ನೆರಳು, ತೇವ ಬೇಕು.

ಬೆಳೆದ ಮರವನ್ನು ಒಮ್ಮೆ ಕಣ್ಣಾರೆ ನೋಡಿ ಆಮೇಲೆ ಸಸಿ ಕೊಳ್ಳಿ. ರೇಸ್ ಕೋರ್ಸ್ ಹತ್ತಿರದ ಎಂಪ್ರೆಸ್ ಗಾರ್ಡನ್ ಅದಕ್ಕೆ ಸರಿಯಾದ ಜಾಗ. ಜನವರಿ ಕೊನೆಯಲ್ಲಿ ಅಲ್ಲಿ ಪುಷ್ಪ ಪ್ರದರ್ಶನವೂ ಇರುತ್ತದೆ, ಆದರೆ ಮರ ನೋಡಬೇಕಾದರೆ ಗದ್ದಲ ಇಲ್ಲದ ದಿನ ಹೋಗಿ.

ಗಿಡದ ಗುಣಮಟ್ಟ ಚೆನ್ನಾಗಿದೆ, ಆದರೆ ಆರಿಸಿಕೊಳ್ಳಬೇಕು. ಕೆಲವು ಇಲ್ಲೇ ಬೆಳೆಸಿದ್ದು, ಕೆಲವು ಆಂಧ್ರದ ಕಡಿಯಂ ಕಡೆಯಿಂದ ಲಾರಿಯಲ್ಲಿ ಬಂದದ್ದು. ಹೊರಗಿನಿಂದ ಬಂದವು ಜಿಗುಟು ಮಣ್ಣಿನ ಉಂಡೆಯಲ್ಲಿ ಇರುತ್ತವೆ, ಅದನ್ನು ಹಾಗೇ ಗುಂಡಿಗೆ ಇಳಿಸಿದರೆ ಬೇರು ಹೊರಗೆ ಬರೋಕೆ ಒದ್ದಾಡುತ್ತದೆ, ಹೊರಮೈ ಸ್ವಲ್ಪ ಬಿಡಿಸಿ ನೆಡಿ. ಹತ್ತು ಅಡಿಯ ಗಿಡಕ್ಕೆ ಎರಡು ಸಾವಿರದ ಮೇಲೆ ಹೇಳುತ್ತಾರೆ, ಅದೇ ಜಾತಿಯ ಮೂರು ನಾಲ್ಕು ಅಡಿಯದ್ದು ನೂರೈವತ್ತು ಇನ್ನೂರಕ್ಕೆ ಸಿಗುತ್ತದೆ. ಚಿಕ್ಕದ್ದೇ ತಗೊಳ್ಳಿ. ಚೀಲದಲ್ಲಿ ವರ್ಷಗಟ್ಟಲೆ ನಿಂತ ದೊಡ್ಡ ಗಿಡದ ಬೇರು ಸುರುಳಿ ಸುತ್ತಿಕೊಂಡಿರುತ್ತದೆ, ಚಿಕ್ಕದ್ದು ನೆಲಕ್ಕೆ ಹೊಂದಿಕೊಂಡು ಅದನ್ನು ದಾಟಿ ಹೋಗುತ್ತದೆ. ಚೀಲ ಎತ್ತಿ ನೋಡಿ, ಬೇರು ತೂತಿನಿಂದ ನೆಲಕ್ಕೆ ಇಳಿದಿದ್ದರೆ ಬಿಟ್ಟುಬಿಡಿ. ಕೋಲಿನ ಕಟ್ಟು ಬಿಚ್ಚಿಸಿ, ಗಿಡ ತಾನಾಗಿ ನಿಲ್ಲುತ್ತದೆಯೋ ನೋಡಿ.

ಮನೆಗೆ ತಂದು ನೆಟ್ಟುಕೊಡುವ ಸೇವೆಗೆ ಎರಡು ಸ್ಟಾರ್. ಬಂದ ಹುಡುಗರು ಒಂದಡಿ ಗುಂಡಿ ತೋಡಿ, ಮುರುಮು ಗಟ್ಟಿ ಇದೆ ಅಂತ ಅಷ್ಟಕ್ಕೇ ನಿಲ್ಲಿಸಿದರು. ಪ್ಲಾಸ್ಟಿಕ್ ಚೀಲದ ತಳ ಕತ್ತರಿಸಿ ಉಳಿದದ್ದನ್ನು ಹಾಗೇ ಹೂಳಲು ಹೊರಟಿದ್ದರು. ನಿಂತು ಹೇಳಿಸಿ ಹಾರೆಯಿಂದ ಎರಡೂವರೆ ಅಡಿ ತೋಡಿಸಿ, ಚೀಲ ಪೂರ್ತಿ ತೆಗೆಸಿ, ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಹಾಕಿಸಬೇಕಾಯಿತು. ಬಂದ ಸಂಪಿಗೆಯೂ ನಾವು ಆರಿಸಿದ್ದಲ್ಲ, ಕಾಂಡದಲ್ಲಿ ಕಸಿಯ ಗುರುತೇ ಇರಲಿಲ್ಲ. ಫೋನ್ ಮಾಡಿದಾಗ ಮೊದಲು ವಾದ, ಬಿಲ್ಲಿನ ಫೋಟೋ ಕಳಿಸಿದ ಮೇಲೆ ಎರಡೇ ದಿನದಲ್ಲಿ ಬದಲಾಯಿಸಿ ಕೊಟ್ಟರು. ಅದಕ್ಕೆ ಅರ್ಧ ಸ್ಟಾರ್ ಜಾಸ್ತಿ ಹಾಕಿಕೊಳ್ಳಿ.

ಹೋಗುವುದಾದರೆ ಜೂನ್‌ನಲ್ಲಿ ಮೊದಲ ಎರಡು ಮಳೆ ಆದ ಮೇಲೆ, ವಾರದ ದಿನ ಬೆಳಿಗ್ಗೆ ಹೋಗಿ. ಭಾನುವಾರ ಕಾರು ನಿಲ್ಲಿಸೋಕೂ ಜಾಗ ಇರುವುದಿಲ್ಲ, ಮಾಲಿಗಳು ಮಾತಿಗೆ ಸಿಗುವುದಿಲ್ಲ. ಗಿಡ ಆರಿಸಿದ ಮೇಲೆ ಅದಕ್ಕೆ ನಿಮ್ಮದೇ ಒಂದು ಬಣ್ಣದ ದಾರ ಕಟ್ಟಿ ಬನ್ನಿ. ಬಿಲ್ಲಿನ ಮೇಲೆ ‘ಗಿಡ - 4’ ಅಂತ ಬರೆಯಲು ಬಿಡಬೇಡಿ, ಪ್ರತಿಯೊಂದರ ಹೆಸರು, ಎತ್ತರ, ಕಸಿಯೋ ಬೀಜದ್ದೋ ಅಂತ ಬರೆಸಿಕೊಳ್ಳಿ. ಬಾಯಿಮಾತಿಗೆ ಅವರು ಬದಲಿ ಗಿಡ ಕೊಡುವುದಿಲ್ಲ.